‘ಇನ್ನೈದು’ ಅಂದರೆ ಒಟ್ಟು ಆರು: ಸರ್ಕ್ಯುಲರ್ ಪ್ಯಾಟರ್ನ್ ಟೂಲಿಗೆ ನಾನು ವಿವರಣೆ ಬರೆದದ್ದು

ಬದಿಯಡ್ಕದ ಹತ್ತಿರ ಪರಿಚಯದವರ ಒಂದು ಲೇತ್ ವರ್ಕ್‌ಶಾಪ್ ಉಂಟು. ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಮೆಷಿನ್ನಿನ ಡೈ, ಪ್ಲೇಟು ಎಲ್ಲ ಅಲ್ಲಿ ತಯಾರಾಗುತ್ತವೆ. ಡ್ರಾಯಿಂಗ್ ಕೆಲಸ ನನ್ನದು. ಫ್ಯೂಷನ್ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ, ಈಗ ಎಐ ಜೊತೆ ಸೇರಿಸಿಕೊಂಡು. ಮಾತಿನಲ್ಲಿ ಹೇಳಿದರೆ ಸಾಕು, ನಾನು ಬರೆದಿಟ್ಟ ಸಣ್ಣ ಸಣ್ಣ ಟೂಲ್‌ಗಳನ್ನು ಎಐ ತಾನೇ ಕರೆದು ಮಾಡೆಲ್ ಮಾಡುತ್ತದೆ. ಈ ಜೋಡಣೆಗೆ ಎಐ ಕಂಪೆನಿ ಆಂಥ್ರೊಪಿಕ್ 2024ರ ನವೆಂಬರಿನಲ್ಲಿ ಹೊರತಂದ ಎಂಸಿಪಿ ಬಳಸಿದ್ದೇನೆ; ಎಐಯನ್ನು ಬೇರೆ ಟೂಲ್‌ಗಳಿಗೆ ಜೋಡಿಸುವ ಒಂದು ಪದ್ಧತಿ ಅದು.

ಒಂದು ತೂತಿನಂಥ ಭಾಗವನ್ನು (ಫೀಚರ್) ಸುತ್ತಲೂ ಸಮ ಅಂತರದಲ್ಲಿ ನಕಲು ಮಾಡುವುದು ಸರ್ಕ್ಯುಲರ್ ಪ್ಯಾಟರ್ನ್. ಅದರ ಟೂಲಿಗೆ ಮೊದಲು ಬರೆದ ವಿವರಣೆ ಒಂದೇ ಸಾಲು: ‘ಕೊಟ್ಟ ಫೀಚರನ್ನು ಅಕ್ಷದ ಸುತ್ತ ನಕಲು ಮಾಡುತ್ತದೆ.’ ಅಷ್ಟು ಸಾಕು ಅಂದುಕೊಂಡಿದ್ದೆ.

ಒಂದು ದಿನ ವರ್ಕ್‌ಶಾಪಿನ ಅಣ್ಣ ಹೇಳಿದ್ದನ್ನು ಹಾಗೇ ಟೈಪ್ ಮಾಡಿದೆ: ‘ಒಂದು ಒಟ್ಟೆ (ತೂತು) ಉಂಟು, ಅದೇ ಥರ ಸುತ್ತ ಇನ್ನೈದು ಹಾಕು.’ ಎಐ ಲೆಕ್ಕದ ಜಾಗದಲ್ಲಿ 5 ಅಂತ ಕೊಟ್ಟಿತು. ಫ್ಯೂಷನ್‌ನಲ್ಲಿ ಆ ಲೆಕ್ಕಕ್ಕೆ ಮೊದಲನೆಯದೂ ಸೇರುತ್ತದೆ. ಹಾಗಾಗಿ ಬಂದದ್ದು ಒಟ್ಟು ಐದೇ. ನಾನು ಎಣಿಸಿ ನೋಡಲಿಲ್ಲ, 10 ಎಂಎಂ ಪ್ಲೇಟಿಗೆ ಡ್ರಿಲ್ ಬಿದ್ದೇ ಹೋಯಿತು. ‘ಇದೆಂತ ಮಾರಾಯ, ಒಂದೇ ಬೋಲ್ಟು ಕೂರುವುದಲ್ವಾ?’ ಅಂತ ಅಣ್ಣ ಪ್ಲೇಟನ್ನು ಮೆಷಿನ್ನಿನ ಮೇಲಿಟ್ಟು ತೋರಿಸಿದರು. ಹೌದು. ನಮ್ಮದು 0, 72, 144, 216, 288 ಡಿಗ್ರಿ. ಮೆಷಿನ್ನಿನದು ಆರು ತೂತು, 60 ಡಿಗ್ರಿಯ ಲೆಕ್ಕ. ಸೊನ್ನೆಯಲ್ಲಿ ಬಿಟ್ಟರೆ ಬೇರೆಲ್ಲೂ ಎರಡೂ ಸೇರುವುದಿಲ್ಲ.

ಆಗ ಅರ್ಥ ಆಯಿತು. ಟೂಲ್ ಒಳಗಿನ ನನ್ನ ಕೋಡು ಎಐಗೆ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲಿನ ಹೆಸರು, ವಿವರಣೆ, ಯಾವ ಯಾವ ಮೌಲ್ಯ ಕೊಡಬೇಕು ಅನ್ನುವ ಪಟ್ಟಿ, ಅಷ್ಟೇ. ಅದರ ಮಟ್ಟಿಗೆ ನಾನು ಬರೆದ ವಿವರಣೆಯೇ ಟೂಲ್.

ವಿವರಣೆಯನ್ನು ಮತ್ತೆ ಬರೆಯಲು ಕೂತೆ. ಜಾಸ್ತಿ ಹೊತ್ತು ಹಿಡಿದದ್ದು ಲೆಕ್ಕದ ಸಾಲಿಗೇ. ನಮ್ಮ ಕಾಸರಗೋಡಿನಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ. ‘ಇನ್ನೈದು’, ‘ನನ ಐನ್’, ‘ಇನಿಯುಂ ಅಂಜೆಣ್ಣಂ’ ಮೂರರ ಅರ್ಥವೂ ಒಂದೇ. ಇದನ್ನು ಉದಾಹರಣೆ ಸಮೇತ ಹಾಕಿದೆ: ‘ಲೆಕ್ಕ ಅಂದರೆ ಮೂಲವೂ ಸೇರಿ ಒಟ್ಟು. ಇನ್ನೈದು ಅಂದರೆ 6. ಸುತ್ತಲೂ ಐದು ಅಂದರೆ 5. ಅನುಮಾನ ಬಂದರೆ ಬಳಸುವವರನ್ನು ಕೇಳು.’ ಕೊನೆಯ ವಾಕ್ಯ ಬಂದ ಮೇಲೆ ಎಐ ನಿಜವಾಗಿಯೂ ಕೇಳಲು ಶುರು ಮಾಡಿತು.

ಆಮೇಲೆ ಕೋನ. ಪೂರ್ತಿ 360 ಡಿಗ್ರಿಗೆ ಆರು ತೂತು ಅಂದರೆ ಮಧ್ಯದ ಅಂತರ 60. ಕೊನೆಯದು ಮೊದಲನೆಯದರ ಮೇಲೆ ಬೀಳಬಾರದು, ಅದಕ್ಕೆ ಆರರಿಂದಲೇ ಭಾಗಿಸುವುದು. ಅರ್ಧ ಸುತ್ತಿಗೆ, ಅಂದರೆ 180 ಡಿಗ್ರಿಗೆ ಆರು ಅಂದರೆ ಅಂತರ 36. ಎರಡು ತುದಿಯಲ್ಲೂ ಒಂದೊಂದು ಬರುತ್ತದೆ, ನಡುವೆ ಸಂದು ಐದೇ. ಗದ್ದೆಯ ಬೇಲಿಗೆ ಕಂಬ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಐಗೆ ಹೇಳಬೇಕು.

ಯೂನಿಟ್ಟಿನ ವಿಷಯವೂ ಉಂಟು. ಫ್ಯೂಷನ್‌ನ ಎಪಿಐಗೆ (ಕೋಡಿನಿಂದ ಅದನ್ನು ನಡೆಸುವ ದಾರಿಗೆ) ಬರೀ ಸಂಖ್ಯೆ ಕೊಟ್ಟರೆ ಕೋನವನ್ನು ರೇಡಿಯನ್ ಅಂತಲೂ ಉದ್ದವನ್ನು ಸೆಂಟಿಮೀಟರ್ ಅಂತಲೂ ತೆಗೆದುಕೊಳ್ಳುತ್ತದೆ. 120 ಎಂಎಂ ಪಿಸಿಡಿ (ತೂತುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ) ಬೇಕಾದವರು ಸುಮ್ನೆ 120 ಅಂತ ಕೊಟ್ಟರೆ 1200 ಎಂಎಂ ಆಗಿಬಿಡುತ್ತದೆ. ಅದಕ್ಕೆ ಟೂಲ್‌ಗಳಿಗೆ ಡಿಗ್ರಿ ಮತ್ತು ಎಂಎಂ ಮಾತ್ರ ಕೊಡಿ ಅಂತ ಬರೆದೆ. ಬದಲಾಯಿಸುವ ಕೆಲಸ ಕೋಡಿನದು.

ಪರೀಕ್ಷೆಗೆ ಅಡುಗೆಮನೆಯಿಂದ ಶ್ಯಾವಿಗೆ ಒತ್ತುವ ಮಣೆಯ ಬಿಲ್ಲೆ ತಂದೆ. ನಡುವೆ ಒಂದು ತೂತು, ಸುತ್ತ ಆರು, ಅದರ ಸುತ್ತ ಹನ್ನೆರಡು. ಒಟ್ಟು 19. ನಡುವಿನದ್ದನ್ನೂ ಪ್ಯಾಟರ್ನಿಗೆ ಸೇರಿಸಿದರೆ ನಕಲುಗಳೆಲ್ಲ ಅದೇ ಜಾಗದಲ್ಲಿ ಕೂರುತ್ತವೆ. ‘ಅಕ್ಷದ ಮೇಲೇ ಇರುವುದನ್ನು ಸೇರಿಸಬೇಡ’ ಅನ್ನುವ ಸಾಲು ಆ ಬಿಲ್ಲೆಯಿಂದ ಬಂತು. ಕೆಲಸ ಮುಗಿದ ಮೇಲೆ ಟೂಲ್ ಎಲ್ಲ ತೂತುಗಳ ಕೋನವನ್ನು ವಾಪಸ್ ಹೇಳುವ ಹಾಗೂ ಮಾಡಿದೆ. ‘0, 60, 120…’ ಅಂತ ಪಟ್ಟಿ ಬಂದರೆ, ತಪ್ಪೇನಾದರೂ ಇದ್ದರೆ ಡ್ರಿಲ್ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಎಲ್ಲ ಬರೆದು, ಪ್ರಿಂಟ್ ತೆಗೆದು ಅಣ್ಣನಿಗೆ ಓದಲು ಕೊಟ್ಟೆ. ಅವರು ಪೂರ್ತಿ ಓದಿ ಕೇಳಿದ್ದು ಒಂದೇ: ‘ಮೊದಲನೇ ಒಟ್ಟೆ ಎಲ್ಲಿಂದ ಶುರು?’ ಪೈಪುಗಳನ್ನು ಬೋಲ್ಟು ಹಾಕಿ ಜೋಡಿಸುವ ಫ್ಲೇಂಜುಗಳಲ್ಲಿ ಸಾಮಾನ್ಯವಾಗಿ ನೆಟ್ಟಗಿನ ಮಧ್ಯರೇಖೆಯ ಮೇಲೆ ತೂತು ಬರುವುದಿಲ್ಲ, ಎರಡು ತೂತು ಅದರ ಆಚೀಚೆ ಸಮನಾಗಿ ಇರುತ್ತವೆ. ಅದನ್ನು ತೀರ್ಮಾನಿಸುವುದು ಪ್ಯಾಟರ್ನ್ ಅಲ್ಲ, ಮೂಲ ತೂತನ್ನು ಎಲ್ಲಿ ಹಾಕಿದ್ದೇವೆ ಅನ್ನುವುದು. ಅದನ್ನು ನಾನು ಎಲ್ಲೂ ಬರೆದಿರಲಿಲ್ಲ. ಅಲ್ಲೇ ಪೆನ್ನು ತೆಗೆದು, ವಿವರಣೆಯ ಮೊದಲ ಸಾಲಿನ ಮೇಲೆ ಅದನ್ನು ಸೇರಿಸಿದೆ.