ಸಿರಪ್ ಬಿಟ್ಟು ಕಡಲೆ ಸಾರಿನತ್ತ: ಹಿರಿಯರ ಮಲಬದ್ಧತೆ ಕುರಿತು ನನ್ನ ಅನುಭವ

ವಿರಾಜಪೇಟೆ ಸಮೀಪದ ಒಂದು ವೃದ್ಧಾಶ್ರಮದಲ್ಲಿ ಅಡುಗೆ ಮತ್ತು ಆರೈಕೆ ಎರಡನ್ನೂ ನೋಡಿಕೊಳ್ಳುತ್ತಿರುವ ನಾನು, ಅಲ್ಲಿರುವ ಇಪ್ಪತ್ತಕ್ಕೂ ಹೆಚ್ಚು ಹಿರಿಯರಲ್ಲಿ ಬಹುಪಾಲು ಜನರಿಗೆ ಮಲ ಸಡಿಲಿಸಲು ಕೊಡುವ ರಾತ್ರಿಯ ಸಿರಪ್ ತಪ್ಪಿಸಿ, ಊಟದ ನಾರಿನಿಂದಲೇ ಬೆಳಗಿನ ಶೌಚ ಸಲೀಸಾಗುವಂತೆ ಮಾಡಿದ್ದೇನೆ. ಅಕ್ಕಿಯ ಪುಟ್ಟು (ಹಬೆಯಲ್ಲಿ ಬೇಯಿಸಿದ ತಿಂಡಿ), ಅಕ್ಕಿಯ ಒಟ್ಟಿ (ರೊಟ್ಟಿ) ತಿಂದೇ ಎಂಬತ್ತು ದಾಟಿದವರಿಗೆ ಈಗ ಹೊಸ ಆಹಾರ ಒಗ್ಗಿಸಲು ಸಾಧ್ಯವೇ ಇಲ್ಲ ಎಂದು ಇದೇ ಕೆಲಸದಲ್ಲಿರುವ ಹಲವರು ಖಚಿತವಾಗಿ ಹೇಳಿದ್ದರು. ಒಂದು ಮಳೆಗಾಲ ಕಳೆಯುವವರೆಗೆ ನಾನೂ ಉತ್ತರ ಕೊಡಲಿಲ್ಲ. ಕೊಡಗಿನ ಜೂನ್, ಜುಲೈ ತಿಂಗಳಲ್ಲಿ ಚಳಿಗೆ ಯಾರೂ ನೀರು ಮುಟ್ಟುವುದಿಲ್ಲ, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವುದೂ ಇಲ್ಲ; ಆ ಪರೀಕ್ಷೆ ದಾಟಿದ ಕ್ರಮವನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೋತ ಪ್ರಯೋಗಗಳನ್ನು ಹೇಳಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಗೋಧಿ ತೌಡನ್ನು ಗಂಜಿಗೆ ಬೆರೆಸಿದಾಗ ಹೊಟ್ಟೆ ಉಬ್ಬರ ಶುರುವಾಗಿ, ಇಬ್ಬರು ಅಜ್ಜಿಯಂದಿರು ಗಂಜಿಯನ್ನೇ ಬಿಟ್ಟರು. ಓಟ್ಸ್ ಪೊಟ್ಟಣಗಳಿಗೆ ತಿಂಗಳಿಗೆ ಸುಮಾರು ಎರಡು ಸಾವಿರ ಖರ್ಚಾಯಿತು, ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯಿತು. ಇಸಬ್ಗೋಲ್ ಒಳ್ಳೆಯ ವಸ್ತುವೇ; ಆದರೆ ಕಲಸಿದ ತಕ್ಷಣ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುವವರ ಲೋಟದಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಪಾರ್ಶ್ವವಾಯುವಿನಿಂದ ನುಂಗಲು ಕಷ್ಟಪಡುವ ಒಬ್ಬರಿಗೆ ಅದು ಗಂಟಲಲ್ಲಿ ನಿಂತು ಕೆಮ್ಮು ಬಂದ ದಿನದಿಂದ, ನುಂಗುವ ತೊಂದರೆ ಇರುವ ಯಾರಿಗೂ ನಾನು ಅದನ್ನು ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಲೇಬೇಕು. ಒಬ್ಬ ಹಿರಿಯರಿಗೆ ದಿನವಿಡೀ ನೀರಿನಂತೆ ಸೋರುತ್ತಿತ್ತು. ತೋರಿಸಿದ ಕಡೆ ಭೇದಿ ಎಂದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಕಳುಹಿಸಿದರು. ವಾಸ್ತವದಲ್ಲಿ ಗುದನಾಳದಲ್ಲಿ ಮಲ ಕಲ್ಲಿನಂತೆ ಕಟ್ಟಿಕೊಂಡು, ಅದರ ಪಕ್ಕದಿಂದ ನೀರು ಮಾತ್ರ ಇಳಿಯುತ್ತಿತ್ತು. ಇಂಥವರಿಗೆ ನಾರು ಹೆಚ್ಚಿಸಿದರೆ ಕಟ್ಟು ಇನ್ನೂ ಬಿಗಿಯಾಗುತ್ತದೆ. ಆದುದರಿಂದ ಮೊದಲು ವೈದ್ಯರ ಸಲಹೆಯಂತೆ ಎನಿಮಾ ಅಥವಾ ಮಲ ಮೆದುವಾಗಿಸುವ ಲ್ಯಾಕ್ಟುಲೋಸ್ ಸಿರಪ್‌ನಿಂದ ದಾರಿ ತೆರವಾಗಬೇಕು, ನಾರಿನ ಮಾತು ಆಮೇಲೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 11, ಇಡೀ ಹೆಸರುಕಾಳಿನಲ್ಲಿ 17, ಇಡೀ ಕಡಲೆಯಲ್ಲಿ ಸುಮಾರು 25 ಗ್ರಾಂ ಇದೆ. ಇದನ್ನು ನೋಡಿದ ಮೇಲೆ ಪುಟ್ಟಿನ ಗೊಡವೆಗೆ ಹೋಗದೆ, ಪುಟ್ಟಿನ ಜೊತೆಗೆ ಬಡಿಸುವ ಸಾರನ್ನೇ ಬದಲಿಸಲು ನಿರ್ಧರಿಸಿದೆ. ನೂಪುಟ್ಟಿಗೂ (ಅಕ್ಕಿ ಶಾವಿಗೆ) ಪಾಪುಟ್ಟಿಗೂ (ಹಾಲು ಹಾಕಿ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿ) ಕಡಲೆ ಸಾರು ಇಲ್ಲಿಯವರಿಗೆ ಹೊಸತಲ್ಲ. ರಾತ್ರಿ ನೆನೆಸಿದ ಕರಿ ಕಡಲೆಯ ನೀರು ಚೆಲ್ಲಿ, ಬೆರಳಲ್ಲಿ ಒತ್ತಿದರೆ ಸಿಪ್ಪೆ ಸಹಿತ ಹಿಟ್ಟಾಗುವಷ್ಟು ಬೇಯಿಸಿ, ಅರ್ಧದಷ್ಟನ್ನು ರುಬ್ಬಿ ಸಾರಿಗೇ ಬೆರೆಸುತ್ತೇನೆ. ಹಲ್ಲಿಲ್ಲದವರಿಗೆ ಪೂರ್ತಿ ರುಬ್ಬಿದ್ದು. ಮೊದಲ ವಾರ ಒಂದು ದೊಡ್ಡ ಚಮಚ ಮಾತ್ರ, ನಂತರ ವಾರಕ್ಕೆ ಒಂದೊಂದು ಚಮಚ ಏರಿಕೆ. ಗಾಳಿ ತುಂಬದಿರಲು ನಾನು ಒಗ್ಗರಣೆಗೆ ಸೇರಿಸುವ ಪುಡಿಯ ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ. ಅದು ನಮ್ಮ ಅಡುಗೆಮನೆಯದು. ಕಡಲೆಯ ಜೊತೆಗೆ ಮಡಿಕೇರಿಯ ಶುಕ್ರವಾರದ ಸಂತೆಯಿಂದ ಬರುವ ಸೊಪ್ಪು, ತೋಟದ ಪೇರಳೆ, ವಾರಕ್ಕೆರಡು ದಿನ ರಾಗಿ ಗಂಜಿ ಸೇರಿ, ದಿನಕ್ಕೆ 25 ಗ್ರಾಂ ನಾರು ತಲುಪಲು ಸುಮಾರು ಎರಡು ತಿಂಗಳು ಹಿಡಿಯಿತು.

ನೀರಿಲ್ಲದೆ ಇದಾವುದೂ ನಡೆಯುವುದಿಲ್ಲ. ತಣ್ಣೀರು ಬೇಡ ಎನ್ನುವವರ ಪಕ್ಕದಲ್ಲಿ ಜೀರಿಗೆ ಹಾಕಿದ ಬಿಸಿನೀರಿನ ಫ್ಲಾಸ್ಕ್ ಇಟ್ಟೆ. ಅದರಿಂದ ದಿನಕ್ಕೆ ಐದಾರು ಲೋಟ ಸಲೀಸಾಗಿ ಹೋಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿಸಿಕೊಂಡವರನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬೆಳಿಗ್ಗೆ ಬೆಲ್ಲದ ಕಾಫಿ, ಆಮೇಲೆ ತಿಂಡಿ. ತಿಂಡಿಯಾದ ಅರ್ಧ ಗಂಟೆಯೊಳಗೆ ಎಲ್ಲರನ್ನೂ ಸರದಿಯಂತೆ ಶೌಚಕ್ಕೆ ಕೂರಿಸುತ್ತೇವೆ, ಏಕೆಂದರೆ ಹೊಟ್ಟೆ ತುಂಬಿದಾಗ ದೊಡ್ಡ ಕರುಳಿನ ಚಲನೆ ತಾನಾಗಿ ಹೆಚ್ಚುತ್ತದೆ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರದಿಂದ ಅರ್ಧ ಅಡಿಗಿಂತ ತುಸು ಎತ್ತರದ ಮಣೆಗಳನ್ನು ಮಾಡಿಸಿ ಕಮೋಡ್ ಮುಂದೆ ಇಟ್ಟಿದ್ದೇವೆ. ಕಾಲು ಮಣೆಯ ಮೇಲಿದ್ದರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ತಿಣುಕುವುದು ತಪ್ಪುತ್ತದೆ. ಎದ್ದು ನಿಲ್ಲುವ ಮೊದಲು ಮಣೆಯನ್ನು ಸರಿಸಲು ಒಬ್ಬರು ಜೊತೆಗಿರಲೇಬೇಕು.

ನಡುವೆ ಬೇರೆ ಪ್ರಯತ್ನಗಳನ್ನೂ ಮಾಡಿದೆ. ಮಳೆಗಾಲದ ಕಣಿಲೆಯಲ್ಲಿ (ಎಳೆ ಬಿದಿರು) ನಾರು ಇದ್ದರೂ, ಎಷ್ಟು ಸಣ್ಣಗೆ ಹೆಚ್ಚಿ ನೀರು ಬದಲಿಸಿ ನೆನೆಸಿದರೂ ಹಲ್ಲಿಲ್ಲದವರಿಗೆ ಒಗ್ಗಲಿಲ್ಲ. ರಾಗಿಹಿಟ್ಟು ಬೆರೆಸಿದ ಒಟ್ಟಿಯ ಬಣ್ಣ ನೋಡಿಯೇ ಹಲವರು ತಟ್ಟೆ ಸರಿಸಿದರು. ಬೆಣ್ಣೆಹಣ್ಣು (ಅವಕಾಡೊ) ಮಾತ್ರ ಅನಿರೀಕ್ಷಿತವಾಗಿ ಗೆದ್ದಿತು: ಬೆಲ್ಲದ ಜೊತೆ ಕಿವುಚಿ ಕೊಟ್ಟರೆ ನುಂಗಲು ಕಷ್ಟಪಡುವವರೂ ತಿನ್ನುತ್ತಾರೆ, ನೂರು ಗ್ರಾಂಗೆ ಆರೇಳು ಗ್ರಾಂ ನಾರು ಸಿಗುತ್ತದೆ, ಹಂಗಾಮಿನಲ್ಲಿ ಸುತ್ತಲಿನ ತೋಟಗಳಿಂದ ಪುಕ್ಕಟೆ ಬರುತ್ತದೆ.

ಮೊದಲು ಸಿರಪ್, ಎನಿಮಾ, ಹೆಚ್ಚುವರಿ ಡಯಾಪರ್ ಸೇರಿ ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು ಹೋಗುತ್ತಿತ್ತು; ಈಗ ಕಡಲೆ, ಕಾಳು, ಸೊಪ್ಪಿನ ಹೆಚ್ಚುವರಿ ಖರ್ಚು ಹಿಡಿದರೂ ನಾಲ್ಕು ಸಾವಿರ ದಾಟುವುದಿಲ್ಲ. ಸಿರಪ್ ತಪ್ಪದವರು ನಾಲ್ಕೈದು ಜನ ಇದ್ದಾರೆ. ಅವರಲ್ಲಿ ಕೆಲವರು ನೋವಿಗೆ ಟ್ರಮಡಾಲ್ ಮಾತ್ರೆ ನುಂಗುವವರು, ಒಬ್ಬರು ಪಾರ್ಕಿನ್ಸನ್ ಕಾಯಿಲೆಯವರು; ಎರಡೂ ಮಲ ಕಟ್ಟಿಸುವಂಥವು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಯಿಂದ ಕಟ್ಟಿಕೊಂಡಿದ್ದ ಇಬ್ಬರಿಗೆ ವೈದ್ಯರು ಮಾತ್ರೆ ಬದಲಿಸಿದ ಮೇಲೆ ದಾರಿ ಸುಗಮವಾಯಿತು. ಮಲದಲ್ಲಿ ರಕ್ತ ಕಂಡವರನ್ನು, ತೂಕ ಇಳಿಯುತ್ತಿರುವವರನ್ನು ಕಡಲೆ ಸಾರಿನ ಪಂಕ್ತಿಗೆ ಕೂರಿಸದೆ ನೇರವಾಗಿ ಆಸ್ಪತ್ರೆಗೆ ಕಳುಹಿಸುತ್ತೇನೆ.