ದೋಸೆ ಹೊಗಳಲು ಹೋಗಿ ಬೈಯಬೇಡಿ: ‘ಈವನ್’ ಎಲ್ಲಿಡಬೇಕು?

ದಾವಣಗೆರೆಯಲ್ಲಿ ಇಂಟರ್‌ವ್ಯೂಗೆ ತಯಾರಾಗುವ ಹುಡುಗರು ಎಡವುವುದು ದೊಡ್ಡ ಪದಗಳಲ್ಲಲ್ಲ, ‘ಈವನ್’ ಅನ್ನೋ ಪುಟ್ಟ ಪದದಲ್ಲಿ. ‘ಈವನ್ ಐ ಟೈಪ್ ಫಾಸ್ಟರ್ ದ್ಯಾನ್ ಹಿಮ್’ ಅನ್ನುತ್ತಾರೆ. ಮನಸ್ಸಿನಲ್ಲಿರುವುದು ‘ನಾನೂ ಅವನಿಗಿಂತ ಬೇಗ ಟೈಪ್ ಮಾಡ್ತೀನಿ’. ಕೇಳಿದವರಿಗೆ ತಲುಪುವುದು ‘ನನ್ನಂಥವನೂ ಅವನಿಗಿಂತ ವಾಸಿ’. ಸುಮ್ನೆ ತನ್ನ ಬೆಲೆ ತಾನೇ ಇಳಿಸಿಕೊಂಡ ಹಾಗಾಯಿತಲ್ವಾ?

ಮೊದಲು ‘ಈವನ್’ ಇಲ್ಲದೆ ವಾಕ್ಯ ಬರೆಯಿರಿ: ‘ದಾವಣಗೆರೆ ಈಸ್ ಹಾಟರ್ ದ್ಯಾನ್ ಚಿತ್ರದುರ್ಗ.’ (ನಿಜವೂ ಹೌದು. ದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ, ನಮ್ಮೂರು ಸುಮಾರು 600.) ‘ಹಾಟರ್’ಗೆ ಮುಂಚೆ ‘ಮೋರ್’, ‘ವೆರಿ’ ಎರಡೂ ಬೇಡ. ತುಂಬಾ ಜಾಸ್ತಿ ಅನ್ನಬೇಕಿದ್ದರೆ ‘ಮಚ್ ಹಾಟರ್’.

ಈಗ ‘ಈವನ್’ ಸೇರಿಸಿ. ಕಷ್ಟ ಇರುವುದು ಇಲ್ಲೇ, ನಿಧಾನವಾಗಿ ಓದಿ.

‘ಈವನ್ ದಾವಣಗೆರೆ ಈಸ್ ಹಾಟರ್’ ಅಂದರೆ, ದಾವಣಗೆರೆ ಅಂಥ ಬಿಸಿಲೂರೇನಲ್ಲ, ಅದೂ ದುರ್ಗಕ್ಕಿಂತ ಬಿಸಿ. ಅಂದರೆ ದುರ್ಗ ತಂಪು. ‘ದಾವಣಗೆರೆ ಈಸ್ ಈವನ್ ಹಾಟರ್’ ಅಂದರೆ, ದುರ್ಗವೂ ಬಿಸಿಯೇ, ದಾವಣಗೆರೆ ಇನ್ನೂ ಬಿಸಿ. ‘ಹಾಟರ್ ಈವನ್ ದ್ಯಾನ್ ಬಳ್ಳಾರಿ’ ಅಂದರೆ, ಬಿಸಿಲಿಗೆ ಹೆಸರಾದ ಬಳ್ಳಾರಿಯನ್ನೂ ಮೀರಿಸಿತು. ಇದನ್ನು ಬಳ್ಳಾರಿಯವರ ಮುಂದೆ ಹೇಳಬೇಡಿ, ನಗುತ್ತಾರೆ.

ಜಾಗ ಹುಡುಕಲು ಕನ್ನಡವೇ ಸಾಕು. ‘ಊ’ ಯಾವ ಪದಕ್ಕೆ ಅಂಟಿದೆ ನೋಡಿ. ‘ದಾವಣಗೆರೆಯೂ’ ಅಂದರೆ ಅದಕ್ಕೆ ಮುಂಚೆ ‘ಈವನ್’. ‘ಇನ್ನೂ ಬಿಸಿ’ ಅಂದರೆ ‘ಹಾಟರ್’ಗೆ ಮುಂಚೆ. ಆದರೆ ಇಲ್ಲೊಂದು ಗುಂಡಿ ಇದೆ. ‘ನಾನೂ’ ಅನ್ನುವುದಕ್ಕೆ ‘ನನ್ನಂಥವನೂ’ ಅಂತ ಹಾಕಿ ನೋಡಿ. ಅರ್ಥ ಒಪ್ಪಿದರೆ ಮಾತ್ರ ‘ಈವನ್ ಐ’. ಇಲ್ಲದಿದ್ದರೆ ವಾಕ್ಯದ ಕೊನೆಗೆ ‘ಟೂ’ ಸೇರಿಸಿ ಸಾಕು. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ದಿಢೀರ್ ಇಂಗ್ಲಿಷ್ ಪುಸ್ತಕಗಳು ‘ಈವನ್ ಅಂದರೆ ಸಹ’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಕೊಳ್ಳಬೇಡಿ. ಮೊಬೈಲಿನ ಗ್ರಾಮರ್ ಆ್ಯಪನ್ನೂ ನೆಚ್ಚಬೇಡಿ. ಈ ವಾಕ್ಯಗಳೆಲ್ಲ ವ್ಯಾಕರಣದಲ್ಲಿ ಸರಿಯೇ, ಹಾಗಾಗಿ ಕೆಂಪು ಗೆರೆ ಬೀಳುವುದಿಲ್ಲ.

ಬೆಣ್ಣೆದೋಸೆ ಹೋಟೆಲಿನವರನ್ನು ಇನ್ನೊಂದು ಹೋಟೆಲಿಗೆ ಹೋಲಿಸಿ ಇಂಗ್ಲಿಷಿನಲ್ಲಿ ಹೊಗಳುವಾಗಲೂ ಅಷ್ಟೇ. ‘ಯುವರ್ ದೋಸೆ ಈಸ್ ಈವನ್ ಬೆಟರ್’ ಅಂದರೆ ಎರಡೂ ಹೋಟೆಲಿಗೆ ಮರ್ಯಾದೆ. ‘ಈವನ್ ಯುವರ್ ದೋಸೆ ಈಸ್ ಬೆಟರ್’ ಅಂದಿರೋ, ಮುಖ ಗಂಟಿಕ್ಕುತ್ತಾರೆ.

‘ಸ್ಟಿಲ್’ ಕೂಡ ಇದೇ ಜಾತಿ. ‘ಶಿ ಸ್ಟಿಲ್ ರನ್ಸ್ ಫಾಸ್ಟರ್’ ಅಂದರೆ ಈಗಲೂ ಅವಳೇ ಮುಂದೆ. ‘ಶಿ ರನ್ಸ್ ಸ್ಟಿಲ್ ಫಾಸ್ಟರ್’ ಅಂದರೆ ಇನ್ನೂ ಜೋರಾಗಿ ಓಡುತ್ತಾಳೆ. ನನ್ನ ಮಾತು ಕೇಳಿ, ‘ಸ್ಟಿಲ್’ ಅನ್ನು ‘ಈಗಲೂ’ ಅನ್ನುವುದಕ್ಕಷ್ಟೇ ಇಟ್ಟುಕೊಳ್ಳಿ. ‘ಇನ್ನೂ ಜೋರು’ ಅನ್ನಲು ‘ಈವನ್ ಫಾಸ್ಟರ್’ ಇದೆಯಲ್ಲ.