ನಾಲ್ಕು ನಿಮಿಷಕ್ಕೆ ನಿಲ್ಲುತ್ತಿದ್ದ ಮಲ್ಟಿಕಾಸ್ಟ್

ಕಲಬುರಗಿಯ ನಮ್ಮ ಕಾಲೇಜ್ ಲ್ಯಾಬಿನ 40 ಕಂಪ್ಯೂಟರಿಗೂ ಒಂದೇ ಸಲ ಓಎಸ್ ಇಮೇಜ್ (ಓಎಸ್‌ನ ಪೂರ್ತಿ ನಕಲು) ಕಳಿಸೋಣ ಅಂತ ಮಲ್ಟಿಕಾಸ್ಟ್ ಸ್ಕ್ರಿಪ್ಟ್ ಬರೆದೆ; ಮಲ್ಟಿಕಾಸ್ಟ್ ಅಂದರೆ ಒಂದೇ ಸಲ ಕಳಿಸಿದ್ದು ಇಡೀ ಗುಂಪಿಗೆ ತಲುಪುವುದು. ನಾಲ್ಕು ನಿಮಿಷ ದಾಟುತ್ತಲೇ ಎಲ್ಲಾ ಗಪ್‌ಚುಪ್. ಕೇಬಲ್ ಬದಲಿಸಿದೆ. ಮೇ ತಿಂಗಳ ಬಿಸಿಲಿಗೆ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕಾದಿರಬೇಕೆಂದು ಫ್ಯಾನೂ ಇಟ್ಟೆ (ಈಗ ನಗು ಬರುತ್ತದೆ). ಕೊನೆಗೆ ಮೊಬೈಲಿನಲ್ಲಿ ಸಮಯ ಹಿಡಿದು ನೋಡಿದರೆ ಪ್ರತಿ ಸಲವೂ ಸುಮಾರು 260 ಸೆಕೆಂಡ್!

ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇತ್ತು, ಅಂದರೆ ಗುಂಪಿಗೆ ಸೇರಿದವರ ಪಟ್ಟಿ ಇಟ್ಟುಕೊಂಡು ಅವರಿಗೆ ಮಾತ್ರ ಕಳಿಸುವ ವ್ಯವಸ್ಥೆ. ಆದರೆ 'ಗುಂಪಿನಲ್ಲಿ ಇನ್ನೂ ಯಾರಿದ್ದೀರಿ' ಅಂತ ವಿಚಾರಿಸುವ ಕ್ವೆರಿಯರ್ ಇರಲಿಲ್ಲ. ಕೇಳುವವರಿಲ್ಲದೆ ಉತ್ತರವಿಲ್ಲ, ಎರಡು ವಿಚಾರಣೆಗಳ ನಡುವಿನ ಮಾಮೂಲಿ ಅಂತರವಾದ 125 ಸೆಕೆಂಡಿನ ಎರಡು ಪಟ್ಟು, ಮೇಲೆ ಉತ್ತರಕ್ಕೆಂದು 10 ಸೆಕೆಂಡ್ ಕಾದು ಸ್ವಿಚ್ ಎಲ್ಲರ ಹೆಸರನ್ನೂ ಅಳಿಸುತ್ತಿತ್ತು. ಸ್ವಿಚ್‌ನಲ್ಲೇ ಕ್ವೆರಿಯರ್ ಆನ್ ಮಾಡಿದೆ.

ಆಮೇಲೆ ಇನ್ನೊಂದು: ಒಂದು ಪ್ಯಾಕೆಟ್ ಕಳೆದರೆ 40 ಯಂತ್ರಗಳೂ ಒಟ್ಟಿಗೆ 'ನನಗೆ ಬಂದಿಲ್ಲ' ಅಂತ ಕೂಗುವುದು. ನ್ಯಾಕ್ ಎನ್ನುವ ಆ ಕೂಗುಗಳನ್ನು ಗುಂಪಿಗೇ ಕಳಿಸುವಂತೆ, ಕಳಿಸುವ ಮುನ್ನ ಒಬ್ಬೊಬ್ಬರು ಒಂದೊಂದಷ್ಟು ಹೊತ್ತು ಕಾಯುವಂತೆ ಮಾಡಿದೆ. ಒಂದರ ಕೂಗು ಕೇಳಿದರೆ ಉಳಿದವು ಸುಮ್ಮನಾಗುತ್ತವೆ.